ಮಿಣುಕರು ಎಲ್ಲಿಂದ ಬಂದರು

ಮಾರ್ಚ್ ೪

ಸಿನಿಮಾ ಕಂಪನಿಯಿಂದ ಒಬ್ಬ ಹೆಂಗಸು ಬಂದಿದ್ದಳು. ನಿಮ್ಮ ಕೆಲಸ ಏನು ಎಂದು ಕೇಳಿದರೆ, ‘ಕ್ಯಾನನ್ ನೋಡ್ಕೋತೀನಿ’ ಎಂದಳು. ಫಿರಂಗಿ ಕಾಯುವವಳಂತೆ ಕಾಣಲಿಲ್ಲ. ಸಣ್ಣ ದನಿ, ತೆಳ್ಳಗಿನ ಮೈ, ಕುರ್ಚಿಯ ಅಂಚಿನಲ್ಲಷ್ಟೇ ಕೂರುವ ಸ್ವಭಾವ. ಆಮೇಲೆ ಬಿಡಿಸಿ ಹೇಳಿದಳು. ಕಥೆಯೊಳಗೆ ಯಾವುದು ನಿಜವಾಗಿ ನಡೆದದ್ದು, ಯಾವುದು ಲೆಕ್ಕಕ್ಕಿಲ್ಲ ಎಂಬ ತೀರ್ಮಾನಕ್ಕೆ ಕ್ಯಾನನ್ ಎನ್ನುತ್ತಾರಂತೆ. ಕಟ್ಟುಕಥೆಯಲ್ಲಿ ನಿಜ ಯಾವುದೆಂದು ನೋಡಿಕೊಳ್ಳಲು ಸಂಬಳ ಕೊಟ್ಟು ಜನ ಇಟ್ಟಿದ್ದಾರೆ. ಇಷ್ಟು ವರ್ಷ ಇದೇ ಕೆಲಸವನ್ನು ನಾನು ಬಿಟ್ಟಿಯಾಗಿ ಮಾಡಿದ್ದೇನೆ.

ನಮ್ಮ ಕಾಮಿಕ್ಸು ‘ದೂರನಾವೆ’ ಶುರುವಾದಾಗ ನಾನು ವಾರಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ತಮ್ಮ ಅಲ್ಲೇ ಜಾಹೀರಾತುಗಳಿಗೆ ಚಿತ್ರ ಬರೆಯುತ್ತಿದ್ದ. ಕೊನೆಯ ಪುಟ ಖಾಲಿ ಉಳಿದಿದೆ, ಏನಾದರೂ ತುಂಬಿಸಿ ಎಂದು ಸಂಪಾದಕರು ಹೇಳಿದರು. ನಾನು ಕಥೆ ಬರೆದೆ, ಅವನು ಚಿತ್ರ ಬರೆದ. ಭೂಮಿ ಬಿಟ್ಟು ಹೊರಟ ಒಂದು ಹಡಗು, ದಾರಿಯಲ್ಲಿ ಸಿಗುವ ಲೋಕಗಳು. ವಾರಕ್ಕೊಂದು ಪುಟ ಎಂದು ಹೊರಟದ್ದು ಪುಸ್ತಕವಾಯಿತು, ರೇಡಿಯೋ ನಾಟಕವಾಯಿತು, ಮಕ್ಕಳ ಊಟದ ಡಬ್ಬಿಯ ಮೇಲೆ ಹತ್ತಿ ಕೂತಿತು. ಈಗ ಸಿನಿಮಾ. ಜನಕ್ಕೆ ಹಡಗಿಗಿಂತ ಮಿಣುಕರ ಮೇಲೆ ಪ್ರೀತಿ. ಬಾಯಿಲ್ಲದ ಜೀವಿಗಳು, ಗಂಟಲಿನ ಚರ್ಮದಡಿಯಲ್ಲಿ ಬೆಳಕು ಮಿಣುಕಿಸಿ ಮಾತಾಡುತ್ತಾರೆ.

ಸಿನಿಮಾ ಪೂರ್ತಿ ಮಿಣುಕರದ್ದಂತೆ. ಅವರು ಎಲ್ಲಿಂದ ಬಂದರು ಎಂಬುದನ್ನು ಇನ್ನು ಬದಲಾಗದ ಹಾಗೆ ಒಂದು ಸಲ ಹೇಳಿಬಿಡಬೇಕು, ಅಕ್ಕ ತಮ್ಮ ಇಬ್ಬರೂ ಒಪ್ಪಬೇಕು ಎಂದಳು. ಹೇಳುವುದೇನು, ಎರಡನೇ ಪುಸ್ತಕದಲ್ಲಿ ಮುದುಕ ಮಿಣುಕ ಹೇಳಿಯೇ ಇದ್ದಾನೆ ಎಂದೆ. ಅವರ ಸೂರ್ಯ ಆರಿಹೋಯಿತು, ಕತ್ತಲಲ್ಲಿ ಬದುಕಿ ಬದುಕಿ ಮೈಯಲ್ಲೇ ಬೆಳಕು ಹುಟ್ಟಿತು, ಆಮೇಲೆ ಆ ಲೋಕ ಬಿಟ್ಟು ಬಂದರು.

‘ಹಾಗಾದ್ರೆ ಬೋಲ್ಟು?’ ಎಂದಳು.

ಆ ಹಾಳು ಬೋಲ್ಟು. ಒಂದು ಸಂಚಿಕೆಯಲ್ಲಿ ಮಿಣುಕರ ಮನೆಯ ಹಿಂಬದಿ ಗೋಡೆಯ ಮೇಲೆ ತಮ್ಮ ಒಂದು ಬೋಲ್ಟು ಬರೆದುಬಿಟ್ಟಿದ್ದ. ನಮ್ಮ ಹಡಗಿನದೇ ಬೋಲ್ಟು, ಅದರ ತಲೆಯ ಮೇಲೆ ಹಡಗಿನ ಗುರುತು ಸಮೇತ. ಹಡಗು ಮಿಣುಕರನ್ನು ಇನ್ನೂ ಕಂಡೇ ಇಲ್ಲದ ಕಾಲದ ಕಥೆ ಅದು. ನನ್ನ ಕಣ್ಣಿಗೆ ಬೀಳಲಿಲ್ಲ, ಓದುಗರ ಕಣ್ಣಿಗೆ ಬಿತ್ತು. ಅಂದಿನಿಂದ ಅದರ ಮೇಲೆ ಜಗಳ ನಿಂತಿಲ್ಲ. ನಾನು ಕೈತಪ್ಪು ಎನ್ನುತ್ತಾ ಬಂದಿದ್ದೇನೆ. ತಮ್ಮನನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ.

ಅವರನ್ನೇ ಒಂದು ಮಾತು ಕೇಳಬಹುದೇ ಎಂದಳು. ತಮ್ಮನಿಗೆ ಲಕ್ವ ಹೊಡೆದಿದೆ, ಆಸ್ಪತ್ರೆಯಲ್ಲಿದ್ದಾನೆ, ಮಾತಿಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು. ಬಲಗೈ ಬಿದ್ದುಹೋಗಿದೆ ಅಷ್ಟೆ, ತಲೆ ನೆಟ್ಟಗಿದೆ ಎಂದು ನಾನೇ ಸಮಾಧಾನ ಹೇಳಿದೆ. ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಯಾರೂ ಇನ್ನೂ ನನಗೆ ಹೇಳಿಲ್ಲ.

ಮಾರ್ಚ್ ೬

ತಮ್ಮನಿಗೆ ಒಂದು ಮಾತು ಬಂದಿದೆ. ಒಂದೇ ಒಂದು. ‘ಅದೇ.’ ನೀರು ಬೇಕೇನೋ ಎಂದರೆ ‘ಅದೇ’. ಬೇಡವೇ ಎಂದರೂ ‘ಅದೇ’. ಸಿಟ್ಟು ಬಂದಾಗ ಅದನ್ನೇ ನಾಲ್ಕು ಸಲ ಒದರುತ್ತಾನೆ. ಮಾತಿನ ಚಿಕಿತ್ಸೆ ಮಾಡುವ ಹುಡುಗಿ ಹೇಳಿದಳು: ನಾವು ಹೇಳುವುದು ಅವನಿಗೆ ತಿಳಿಯುತ್ತದೆ, ಅವನದು ಹೊರಗೆ ಬರುವುದಿಲ್ಲ, ಹೌದು ಅಲ್ಲ ಎರಡೂ ಒಳಗೆ ಕಲಸಿಹೋಗಿವೆ, ತಲೆಯಾಡಿಸಿದ್ದನ್ನು ಸದ್ಯಕ್ಕೆ ನಂಬಬೇಡಿ.

ಹಲ್ಲಿನವಳು ಮಂಚದ ಆ ಕಡೆ ಕೂತಿದ್ದಳು. ತಮ್ಮನ ಹೆಂಡತಿ. ಕಟ್ಟುಹಲ್ಲು ಮಾಡುವ ಕಡೆ ಅವಳಿಗೆ ಕೆಲಸ. ಮದುವೆಯಾದ ಹೊಸತರಲ್ಲಿ, ಈ ಆಕಾಶದ ಕಥೆಯೆಲ್ಲ ನನ್ನ ತಲೆಗೆ ಹತ್ತುವುದಿಲ್ಲ ಎಂದು ನನ್ನೆದುರೇ ಹೇಳಿದ್ದಳು. ಆಮೇಲೆ ಅವಳ ಜೊತೆ ಹೆಚ್ಚು ಮಾತಾಡುವ ಪ್ರಮೇಯ ಬರಲಿಲ್ಲ. ಅದಕ್ಕೆ ಮೊದಲು ತಮ್ಮ ಸಂಜೆಯೆಲ್ಲ ನನ್ನ ಊಟದ ಮೇಜಿನಲ್ಲೇ ಕೂತು ಚಿತ್ರ ಬರೆಯುತ್ತಿದ್ದ. ಮದುವೆಯಾದ ಮೇಲೆ ಪುಟಗಳನ್ನು ಅಂಚೆಗೆ ಹಾಕುವಂತಾದ, ಅದೂ ಒಂದೇ ಊರಿನಲ್ಲಿದ್ದುಕೊಂಡು.

ಬೋಲ್ಟು ಬೇಕೆಂದೇ ಬರೆದದ್ದಾ ಎಂದು ಕೇಳಿದೆ. ‘ಅದೇ.’ ಕೈತಪ್ಪಾ? ‘ಅದೇ.’ ಇನ್ನೊಂದು ಸಲ ನಿಧಾನವಾಗಿ ಕೇಳಲು ಹೋದೆ. ಹಲ್ಲಿನವಳು ಅವನ ಕಟಬಾಯಿ ಒರೆಸಿ, ಇವತ್ತಿಗೆ ಸಾಕು ಅಕ್ಕ, ಅವರಿಗೆ ಸುಸ್ತಾಗಿದೆ ಎಂದಳು. ನೀವೇನು ಡಾಕ್ಟರಾ ಎಂಬ ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ನುಂಗಿಕೊಂಡೆ.

ಮಾರ್ಚ್ ೧೧

ಕಂಪನಿಯವಳು ಒಂದು ಕಟ್ಟು ಕಾಗದ ಕಳಿಸಿದ್ದಾಳೆ. ಮಿಣುಕರ ಹುಟ್ಟಿನ ಬಗ್ಗೆ ಇದುವರೆಗೆ ಯಾರು ಯಾರು ಏನೇನು ಹೇಳಿದ್ದಾರೋ ಎಲ್ಲ ಅದರಲ್ಲಿದೆ. ನನ್ನ ಆರಿಹೋದ ಸೂರ್ಯ. ರೇಡಿಯೋದವರು ನನ್ನನ್ನು ಕೇಳದೆ ಸೇರಿಸಿದ ಸಮುದ್ರದಡಿಯ ಪಟ್ಟಣ. ಆಟಿಕೆ ಡಬ್ಬಿಯ ಬೆನ್ನಿಗೆ ಯಾವನೋ ಗುಮಾಸ್ತ ಬರೆದ ‘ನಕ್ಷತ್ರದ ಧೂಳಿನಿಂದ ಎದ್ದವರು’. ಕೊನೆಯಲ್ಲಿ, ಬೋಲ್ಟು ಬೇಕೆಂದೇ ಬರೆದದ್ದು ಎನ್ನುವ ಓದುಗರ ವಾದ.

ಕೆಂಪು ಪೆನ್ನು ಹಿಡಿದು ಕೂತೆ. ರೇಡಿಯೋ, ಹೊಡೆದುಹಾಕಿದೆ. ಡಬ್ಬಿ, ಹೊಡೆದುಹಾಕಿದೆ. ಬೋಲ್ಟಿನ ಮುಂದೆ ‘ಕೈತಪ್ಪು’ ಎಂದು ಬರೆದೆ. ಬರೆದ ಮೇಲೆ ತಮ್ಮನ ಬಲಗೈ ಕಣ್ಣ ಮುಂದೆ ಬಂತು. ಯಾರೋ ಹೊದಿಕೆಯ ಮೇಲೆ ಇಟ್ಟು ಮರೆತುಹೋದ ವಸ್ತುವಿನಂತೆ ಬಿದ್ದಿರುತ್ತದೆ. ಕಟ್ಟನ್ನು ಮಡಿಚಿಟ್ಟೆ.

ಮಾರ್ಚ್ ೧೫

ತಮ್ಮನನ್ನು ಮನೆಗೆ ಕರೆತಂದರು. ಅವರ ಮನೆ ಮೂರನೇ ಮಹಡಿ, ಲಿಫ್ಟು ಇಲ್ಲ. ಇಬ್ಬರು ಗಟ್ಟಿ ಆಳುಗಳು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ತಿರುವಿನಲ್ಲಿ ಕುರ್ಚಿ ವಾಲಿದಾಗ ತಮ್ಮ ದೊಡ್ಡ ದನಿಯಲ್ಲಿ ‘ಅದೇ’ ಎಂದ. ಹೊತ್ತವರಲ್ಲಿ ಒಬ್ಬ, ಹೌದು ಸಾರ್, ಅದೇ ಅದೇ ಎಂದು ಒಪ್ಪಿಕೊಂಡು ಮೇಲೆ ಹತ್ತಿಸಿದ.

ಹಲ್ಲಿನವಳ ರಜೆ ಮುಗಿದಿದೆ. ಹಗಲು ಯಾರಾದರೂ ಬೇಕು. ಗೊತ್ತಿಲ್ಲದವರನ್ನು ಇಟ್ಟುಕೊಳ್ಳಲು ಮನಸ್ಸಿಲ್ಲ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ಕೇಳಿದ್ದೋ ಸುಮ್ಮನೆ ಹೇಳಿದ್ದೋ ತಿಳಿಯಲಿಲ್ಲ. ನಾನಿರ್ತೀನಿ, ನೀವು ಹೋಗಿ ಬನ್ನಿ ಎಂದೆ. ಹೇಗೂ ಮಿಣುಕರ ವಿಷಯ ಇತ್ಯರ್ಥ ಆಗಬೇಕಲ್ಲ.

ಮಾರ್ಚ್ ೧೯

ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅಂಗಿ ತೊಡಿಸುವಾಗ ಕೆಟ್ಟ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಬಿಚ್ಚುವಾಗ ಕೊನೆಗೆ. ಇದನ್ನು ಹಲ್ಲಿನವಳು ತೋರಿಸಿಕೊಟ್ಟಳು. ಸೂಪು ಗಟ್ಟಿಯಾಗಿರಬೇಕು, ನೀರಾಗಿದ್ದರೆ ಶ್ವಾಸನಾಳಕ್ಕೆ ಹೋಗುತ್ತದೆ.

ಮಧ್ಯಾಹ್ನ ಅವನ ಎಡಗೈಗೆ ಪೆನ್ಸಿಲ್ ಕೊಟ್ಟೆ. ಮುಷ್ಟಿಯಲ್ಲಿ ಹಿಡಿದ, ಬಾಲವಾಡಿಯ ಮಗುವಿನಂತೆ. ಒಂದು ಗೆರೆ ಎಳೆದ. ಅದರ ಮೇಲೆ ಇನ್ನೊಂದು. ಬಹಳ ಹೊತ್ತಿನ ಮೇಲೆ ನೋಡಿದರೆ ಒಂದು ತಲೆ, ಒಂದು ಉದ್ದ ಗಂಟಲು. ಮಿಣುಕ. ಈ ಕೈ ಹಿಂದೊಮ್ಮೆ ಕುಂಚದ ಒಂದೇ ಎಳೆತದಲ್ಲಿ ಹಡಗಿನ ಬೆನ್ನು ಬಾಗಿಸುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಈ ಕೈ ಅಲ್ಲ, ಆ ಕೈ.

ಮಾರ್ಚ್ ೨೬

ಇವತ್ತು ಏನಾಯಿತೆಂದು ಬರೆದುಬಿಡುತ್ತೇನೆ.

ತಮ್ಮ ವಾರದಿಂದ ಮಿಣುಕರನ್ನೇ ಬರೆಯುತ್ತಿದ್ದಾನೆ. ದಿನವೂ ಒಂದಿಷ್ಟು ಸುಧಾರಿಸುತ್ತಿದೆ. ಇವತ್ತಿನದಕ್ಕೆ ಕೈಗಳೂ ಬಂದವು. ಒಂದೊಂದರಲ್ಲಿ ನಾಲ್ಕು ನಾಲ್ಕು ಬೆರಳು. ಮಿಣುಕರಿಗೆ ಮೂರೇ ಬೆರಳು, ಮೊದಲ ಸಂಚಿಕೆಯಿಂದ ಮೂರೇ. ನಾನು ಏನೂ ಯೋಚಿಸದೆ ರಬ್ಬರು ತೆಗೆದುಕೊಂಡು ಒಂದು ಬೆರಳು ಅಳಿಸಿದೆ. ಇನ್ನೊಂದು ಕೈಗೆ ಹೋಗುವಷ್ಟರಲ್ಲಿ ಅವನು ಹಾಳೆಯನ್ನು ಎಳೆದುಕೊಂಡ. ಹಾಳೆ ಹರಿಯಿತು. ಪೆನ್ಸಿಲ್ ಎಸೆದ. ‘ಅದೇ, ಅದೇ, ಅದೇ’ ಎನ್ನುತ್ತ ಬಾಯಿ ತೆರೆದು ಅಳತೊಡಗಿದ. ಮುಖದ ಒಂದು ಪಾಲು ಮಾತ್ರ ಅಳುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ನಾನು ಅದನ್ನು ಅದುವರೆಗೆ ನೋಡಿರಲಿಲ್ಲ.

ಅಷ್ಟರಲ್ಲಿ ಅವಳು ಕೆಲಸದಿಂದ ಬಂದಳು. ಚೀಲ ಕೆಳಗಿಟ್ಟು, ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಹರಿದ ಹಾಳೆ ನೋಡಿದಳು, ನನ್ನ ಕೈಯಲ್ಲಿದ್ದ ರಬ್ಬರು ನೋಡಿದಳು. ದನಿ ಏರಿಸಲಿಲ್ಲ.

‘ಬೆರಳು ಎಷ್ಟಾದ್ರೇನು ಅಕ್ಕ. ಅವರು ಬರೆದ್ರಲ್ಲ.’

ಅದು ತಪ್ಪಾಗಿತ್ತು ಎಂದೆ. ‘ತಪ್ಪಾಗಿರಲಿ. ಇವರ ಹತ್ರ ಈಗ ಇರೋದೇ ಅಷ್ಟು. ಅದನ್ನೂ ಅಳಿಸಿಬಿಟ್ರೆ ಇವರಿಗೇನು ಉಳಿಯುತ್ತೆ?’

ಚಪ್ಪಲಿ ಮೆಟ್ಟಿಕೊಂಡು ಇಳಿದುಬಂದೆ. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ರಬ್ಬರು ಇನ್ನೂ ಮುಷ್ಟಿಯಲ್ಲೇ ಇತ್ತು.

ಮಾರ್ಚ್ ೨೭

ಹೋಗಲಿಲ್ಲ.

ಮಾರ್ಚ್ ೨೮

ಹೋದೆ. ತಮ್ಮನ ಹೆಂಡತಿ ಬಾಗಿಲು ತೆಗೆದು, ಸೂಪು ಒಲೆಯ ಮೇಲಿದೆ ಅಕ್ಕ ಎಂದಷ್ಟೇ ಹೇಳಿ ಕೆಲಸಕ್ಕೆ ಹೊರಟಳು. ಹರಿದ ಹಾಳೆಗೆ ಹಿಂದಿನಿಂದ ಟೇಪು ಅಂಟಿಸಿ ಕಪಾಟಿನ ಬಾಗಿಲಿಗೆ ಹಚ್ಚಿದ್ದಾಳೆ. ಒಂದು ಕೈಗೆ ಮೂರು ಬೆರಳು, ಇನ್ನೊಂದಕ್ಕೆ ನಾಲ್ಕು. ಅದರ ಎದುರಿಗೇ ಅವನಿಗೆ ತಿನ್ನಿಸಿದೆ.

ಏಪ್ರಿಲ್ ೩

ಕಂಪನಿಯವಳು ಫೋನು ಮಾಡಿ ತಮ್ಮನ ಆರೋಗ್ಯ ವಿಚಾರಿಸಿ, ಆಮೇಲೆ ನಾಚಿಕೊಂಡು ಮಿಣುಕರ ವಿಷಯ ಕೇಳಿದಳು. ನಿರ್ದೇಶಕರು ಕಾಯುತ್ತಿದ್ದಾರಂತೆ. ಆರಿಹೋದ ಸೂರ್ಯ ಎಂದು ಹಾಕಿಕೊಳ್ಳಿ, ತಮ್ಮನದೂ ಅದೇ ಅಭಿಪ್ರಾಯ ಎಂದು ಹೇಳುವವಳಿದ್ದೆ. ಒಂದು ವಾರ ತಡೆಯಿರಿ ಎಂದೆ.

ತಮ್ಮನ ಹೆಂಡತಿ ಟೀ ಸೋಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಲೋಟ ನನ್ನ ಮುಂದಿಟ್ಟು, ‘ಅವರು ನಂಗೆ ಬೇರೆ ಹೇಳಿದ್ರು ಅಕ್ಕ’ ಎಂದಳು.

ಏನು ಹೇಳಿದ ಎಂದೆ.

ಹೇಳಿದಳು. ಮಿಣುಕರು ಎಲ್ಲಿಂದಲೂ ಬಂದವರಲ್ಲ. ನಮ್ಮ ಹಡಗೇ ತಲೆಮಾರುಗಳ ಹಿಂದೆ ಆ ದಾರಿಯಲ್ಲಿ ಹಾದುಹೋಗಿತ್ತು. ಒಳಗೆ ಒಂದು ಕಾಯಿಲೆ ಬಂತು, ಬಂದವರಿಗೆ ಮಾತು ನಿಂತುಹೋಗುತ್ತಿತ್ತು. ಉಳಿದವರು ಹೆದರಿ, ಅವರನ್ನೆಲ್ಲ ಆ ಕತ್ತಲ ಲೋಕದಲ್ಲಿ ಇಳಿಸಿ, ಮತ್ತೆ ಬಂದು ಕರೆದೊಯ್ಯುತ್ತೇವೆ ಎಂದು ಹೇಳಿ ಹೊರಟರು. ಬರಲಿಲ್ಲ. ಹಡಗಿನ ದಾಖಲೆಯಿಂದಲೂ ಅದನ್ನು ತೆಗೆದುಹಾಕಿದರು. ಇಳಿದವರು ಸಾಯಲಿಲ್ಲ. ಮಾತಿನ ಜಾಗದಲ್ಲಿ ಬೆಳಕು ಹುಟ್ಟಿಸಿಕೊಂಡರು. ಮುದುಕ ಮಿಣುಕ ಸೂರ್ಯ ಆರಿತು ಎಂದು ಹೇಳಿದ್ದು ಮಕ್ಕಳಿಗೆ ಹೇಳುತ್ತಿದ್ದ ಕಥೆ. ಬಿಟ್ಟುಹೋದರು ಎಂದು ಮಕ್ಕಳಿಗೆ ಹೇಗೆ ಹೇಳುವುದು?

ಯಾವಾಗ ಹೇಳಿದ ಎಂದೆ. ‘ಮುಂಚೆ. ಮದುವೆ ಆದ ಹೊಸತರಲ್ಲಿ.’ ನಿಮಗೆ ಇದೆಲ್ಲ ತಲೆಗೆ ಹತ್ತುವುದಿಲ್ಲ ಎಂದಿದ್ದಿರಲ್ಲ ಎಂದೆ. ‘ಹತ್ತಲ್ಲ ಅಂದಿದ್ದಕ್ಕೇ ಅವರು ಕೂರಿಸಿಕೊಂಡು ಹೇಳೋರು’ ಎಂದಳು.

ಟೀ ಕುಡಿಯದೆ ಬಂದೆ.

ಏಪ್ರಿಲ್ ೪

ಹಾಗಾದರೆ ನನ್ನ ಹಡಗಿನವರು ಯಾರು? ಮಕ್ಕಳು ಅವರ ಹೆಸರಿಟ್ಟುಕೊಂಡು ಆಡುತ್ತಾರೆ. ಅಂಥವರನ್ನು ರೋಗಿಗಳನ್ನು ಬಿಟ್ಟೋಡಿದ ಪುಕ್ಕಲರ ಸಂತಾನ ಮಾಡಿಟ್ಟಿದ್ದಾನೆ, ನನ್ನ ಬೆನ್ನ ಹಿಂದೆ, ಪಕ್ಕದಲ್ಲಿ ಕೂತುಕೊಂಡೇ. ಹೇಳಬಹುದಿತ್ತು. ನನಗೆ ಹೇಳಬಹುದಿತ್ತು.

ಅಥವಾ ಇವಳು ಕಟ್ಟಿದಳೋ. ಮಾತು ನಿಂತುಹೋಗುವ ಕಾಯಿಲೆಯಂತೆ.

ಏಪ್ರಿಲ್ ೭

ಎಲ್ಲ ಪುಸ್ತಕಗಳನ್ನೂ ಮೊದಲಿನಿಂದ ತೆಗೆದೆ. ಈ ಸಲ ಗುಳ್ಳೆಯೊಳಗಿನ ಮಾತುಗಳನ್ನು ಓದಲಿಲ್ಲ, ಚಿತ್ರಗಳನ್ನಷ್ಟೇ ನೋಡಿದೆ.

ಬೋಲ್ಟು ಒಂದೇ ಅಲ್ಲ. ಮಿಣುಕ ತಾಯಿಯ ಹೊದಿಕೆಯ ಅಂಚಿಗೆ ಹಡಗಿನ ಸಮವಸ್ತ್ರದ ಹೊಲಿಗೆ ಇದೆ. ಮಗುವಿನ ತೊಟ್ಟಿಲು ಹಡಗಿನ ಆಪತ್ಕಾಲದ ದೋಣಿಯ ಅರ್ಧ. ಮುದುಕ ಮಿಣುಕ ಸೂರ್ಯನ ಕಥೆ ಹೇಳುವ ಪುಟದಲ್ಲಿ, ಎಲ್ಲ ಮಕ್ಕಳೂ ಅವನ ಕಡೆ ನೋಡುತ್ತಿದ್ದಾರೆ, ಹಿಂದೆ ನಿಂತ ಮುದುಕಿ ಒಬ್ಬಳು ಮಾತ್ರ ಮುಖ ತಿರುಗಿಸಿಕೊಂಡಿದ್ದಾಳೆ. ನಾನೇ ಕರಡು ನೋಡಿದ ಪುಟ. ಒಂದು ಅಲ್ಪವಿರಾಮ ಸರಿಮಾಡಿ ಕಳಿಸಿದ ನೆನಪಿದೆ.

ಏಪ್ರಿಲ್ ೧೨

ತಮ್ಮನಿಗೆ ಗಡ್ಡ ಕೆರೆದು, ಕಿಟಕಿಯ ಬಳಿ ಕೂರಿಸಿ, ಅವನ ಕಥೆಯನ್ನು ಅವನಿಗೇ ಹೇಳಿದೆ. ಹಡಗು ಇಳಿದದ್ದು, ರೋಗಿಗಳನ್ನು ಇಳಿಸಿದ್ದು, ಬಾಗಿಲು ಮುಚ್ಚಿದ್ದು. ಇಳಿಸಿ ಹೋಗುವ ಪುಟಕ್ಕೆ ಮಾತು ಹೇಗಿರಬೇಕೆಂದು ಹೇಳುತ್ತ ಹೋದೆ: ಒಬ್ಬಳು ಅಕ್ಕ ಹಡಗಿನಲ್ಲೇ ಉಳಿಯುತ್ತಾಳೆ, ತಮ್ಮ ಕೆಳಗಿರುತ್ತಾನೆ, ಬಾಗಿಲು ಮುಚ್ಚುವವರೆಗೂ ಅವಳು ಏನೇನೋ ಮಾತಾಡುತ್ತಾಳೆ, ಅವನು ಕೈಯೆತ್ತುತ್ತಾನೆ ಅಷ್ಟೆ. ಆ ಅಕ್ಕ ತಮ್ಮ ಎಲ್ಲಿಂದ ಬಂದರೋ ಗೊತ್ತಿಲ್ಲ. ಹೇಳುತ್ತ ಹೇಳುತ್ತ ಬಂದರು.

ತಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡ. ‘ಅದೇ’ ಎಂದ. ಒಂದೇ ಸಲ, ಮೆಲ್ಲಗೆ.

ನಂಬಬೇಡಿ ಎಂದು ಚಿಕಿತ್ಸೆಯ ಹುಡುಗಿ ಹೇಳಿದ್ದಾಳೆ. ನಾನು ನಂಬಿಲ್ಲ. ಸುಮ್ಮನೆ ಬರೆದಿಟ್ಟೆ.

ಏಪ್ರಿಲ್ ೨೦

ನಾದಿನಿ ಕೆಲಸದಿಂದ ಒಂದು ಹಲ್ಲಿನ ಸೆಟ್ಟು ತಂದಿದ್ದಳು. ಅಳತೆ ತಪ್ಪಿ ಬಿಸಾಡಿದ್ದಂತೆ. ಊಟದ ಮೇಜಿನ ಮೇಲೆ ಇಟ್ಟಳು. ತಮ್ಮ ಅದನ್ನು ಬಹಳ ಹೊತ್ತು ನೋಡಿದ. ಪೆನ್ಸಿಲ್ ಬೇಕೆಂದು ಕೈ ಚಾಚಿದ. ಒಂದು ಮಿಣುಕನನ್ನು ಬರೆದ, ಅದರ ಖಾಲಿ ಮುಖದ ಮೇಲೆ ಕಿವಿಯಿಂದ ಕಿವಿಯವರೆಗೆ ಹಲ್ಲಿನ ಸೆಟ್ಟು ಬರೆದ. ಬರೆದು ನಮ್ಮಿಬ್ಬರ ಮುಖ ನೋಡಿದ. ಮೊದಲು ನಕ್ಕವಳು ನಾದಿನಿ. ಆಮೇಲೆ ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನಿಗೆ ಕೆಮ್ಮು ಹತ್ತಿ ಬೆನ್ನು ತಟ್ಟಬೇಕಾಯಿತು.

ಕತ್ತಲಾಗುವ ಮೊದಲಿನ ಬಸ್ಸು ತಪ್ಪಿತು. ಇಲ್ಲೇ ಮಲಗಿ ಅಕ್ಕ ಎಂದಳು. ಮಲಗಿದೆ.

ಏಪ್ರಿಲ್ ೨೯

ತಮ್ಮ ಹೋದ.

ಮೇ ೪

ನಾನು ಸೂಪು ಬಿಸಿಮಾಡಲು ಹೋಗಿದ್ದೆ. ಪೆನ್ಸಿಲ್ ಬಿದ್ದ ಸದ್ದಾಯಿತು. ಬೀಳಿಸಿಕೊಳ್ಳುತ್ತಲೇ ಇರುತ್ತಾನೆ, ಬಂದೆ ಇರು ಎಂದು ಒಳಗಿನಿಂದಲೇ ಹೇಳಿದೆ. ಬಟ್ಟಲಿಗೆ ಹಾಕಿಕೊಂಡು ಬಂದೆ. ಅಷ್ಟೆ. ಅಷ್ಟರಲ್ಲಿ ಮುಗಿದುಹೋಗಿತ್ತು. ಎರಡನೇ ಸಲ ಹೊಡೆದಿದೆ ಎಂದು ಡಾಕ್ಟರು ಹೇಳಿದರು. ನೀವು ಪಕ್ಕದಲ್ಲೇ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಎಂದೂ ಹೇಳಿದರು. ಎಲ್ಲರಿಗೂ ಹಾಗೇ ಹೇಳುತ್ತಾರೇನೋ.

ನಾದಿನಿ ಕೆಲಸದ ಕೈಯಲ್ಲೇ ಓಡಿ ಬಂದಳು. ಅಚ್ಚಿಗೆ ಕಲಸುವ ಬಿಳಿ ಪ್ಲಾಸ್ಟರು ಬೆರಳಿಗೆ ಮೆತ್ತಿಕೊಂಡಿತ್ತು. ಅವನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಕೈ ತೆಗೆದಾಗ ಅವನ ಮುಖದ ಮೇಲೆ ಅವಳ ಬೆರಳುಗಳು ಬೆಳ್ಳಗೆ ಉಳಿದಿದ್ದವು. ಒರೆಸಬೇಕೆಂದು ಒದ್ದೆ ಬಟ್ಟೆ ತಂದೆ. ಒರೆಸಲಿಲ್ಲ.

ಅಂತ್ಯಕ್ರಿಯೆಗೆ ಬಹಳ ಜನ ಬಂದಿದ್ದರು. ಮಿಣುಕರ ಮುಖವಾಡ ಹಾಕಿಕೊಂಡು ಬಂದ ಒಂದು ಹುಡುಗಿಗೆ ಅವಳ ಅಪ್ಪ ಮುಖವಾಡ ತೆಗೆ ಎಂದು ಗದರಿಸುತ್ತಿದ್ದರು. ಇರಲಿ ಬಿಡಿ ಎಂದೆ.

ಮೇ ೧೦

ಏನೂ ಇಲ್ಲ. ಅವಳು ಊಟ ಬಡಿಸುವಾಗ ಮೂರು ತಟ್ಟೆ ತೆಗೆದಳು. ನಾನು ಒಂದನ್ನು ಒಳಗಿಟ್ಟೆ.

ಮೇ ೧೭

ಕಂಪನಿಯವಳು ಬಂದಿದ್ದಳು, ಈ ಮನೆಗೇ. ಹೂವು ತಂದಿದ್ದಳು. ಕೆಲಸದ ಮಾತೆತ್ತಲು ಅವಳಿಗೆ ಬಾಯೇ ಬರಲಿಲ್ಲ. ನಾನೇ ಎತ್ತಿದೆ. ಸೂರ್ಯ ಆರಿದ್ದು ಮುದುಕ ಹೇಳಿದ ಕಥೆ ಮಾತ್ರ, ಮಿಣುಕರು ಹಡಗಿನಿಂದ ಇಳಿಸಿದವರು ಎಂದು ಹಾಕಿಕೊಳ್ಳಿ ಎಂದೆ. ಯಾವ ಪುಟದಲ್ಲಿ ಏನಿದೆ ಎಂದು ಪುಸ್ತಕ ತೆರೆದು ತೋರಿಸಿದೆ. ಹೊಲಿಗೆ, ತೊಟ್ಟಿಲು, ಮುಖ ತಿರುಗಿಸಿದ ಮುದುಕಿ. ಅವಳ ಕಣ್ಣು ಅಗಲವಾಯಿತು.

‘ಇದು ನಿಮ್ಮ ಬರವಣಿಗೆಗೇ ವಿರುದ್ಧ ಹೋಗುತ್ತಲ್ಲ ಮೇಡಂ?’

ಹೋಗುತ್ತದೆ ಎಂದೆ.

‘ಓದುಗರು ಬೈತಾರೆ.’

ಬೈಯಲಿ ಎಂದೆ. ತಮ್ಮನ ಪರವಾಗಿ ನಾದಿನಿ ಸಹಿ ಮಾಡಿದಳು. ಪೆನ್ನು ಹಿಡಿದು ತುಂಬ ಹೊತ್ತು ಅನುಮಾನಿಸಿದಳು. ಹಾಕೇ, ಏನಾಗಲ್ಲ ಎಂದೆ. ಹಾಕಿದಳು.

ಮೇ ೨೪

ನನ್ನ ಬಾಡಿಗೆ ಮನೆಯ ಮಾಲೀಕರು ಫೋನು ಮಾಡಿ, ನಿಮ್ಮ ಮನೆ ಖಾಲಿ ಇದೆಯಂತಲ್ಲ, ಬೇರೆಯವರಿಗೆ ಕೊಡಬಹುದೇ ಎಂದರು. ಖಾಲಿ ಯಾಕೆ, ನಾನಿದ್ದೀನಲ್ಲ ಎಂದು ಜೋರು ಮಾಡಿದೆ. ಫೋನಿಟ್ಟ ಮೇಲೆ ನಾದಿನಿ ಯಾಕೋ ನಗುತ್ತಿದ್ದಳು. ಸಂಜೆ ನಾವಿಬ್ಬರೂ ಹೋಗಿ ನನ್ನ ಕನ್ನಡಕ, ಕಂಬಳಿ, ಪುಸ್ತಕಗಳನ್ನು ತಂದೆವು. ಬಾಲ್ಕನಿಯ ಗಿಡಗಳೆಲ್ಲ ಒಣಗಿಹೋಗಿದ್ದವು.

ಜೂನ್ ೧

ಓದುಗರ ಸಭೆ. ಸುದ್ದಿ ಹೊರಗೆ ಬಿದ್ದಿದೆ. ಸಭಾಂಗಣ ತುಂಬಿತ್ತು, ಗೋಡೆಗೆ ಒರಗಿ ನಿಂತವರೂ ಇದ್ದರು. ಒಬ್ಬ ಎದ್ದು ನಿಂತ, ನರೆತ ಗಡ್ಡ, ಮೈಮೇಲೆ ಹಡಗಿನ ಸಮವಸ್ತ್ರ. ಚಿಕ್ಕಂದಿನಲ್ಲಿ ಮನೆಯಲ್ಲಿ ಏನೇ ಆದರೂ ಹಡಗಿನವರು ಒಳ್ಳೆಯವರು ಎಂದುಕೊಂಡು ನಿದ್ದೆ ಮಾಡುತ್ತಿದ್ದೆ, ಅದನ್ನೂ ಕಿತ್ತುಕೊಂಡಿರಿ ಎಂದ. ಸಿಟ್ಟಿನಲ್ಲಿ ಹೇಳಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

‘ನನ್ನ ತಮ್ಮ ಮೊದಲಿಂದಲೂ ಹೇಳ್ತಾನೇ ಇದ್ದ’ ಎಂದೆ. ‘ನೀವು ನೋಡಿದ್ರಿ. ನಾನು ನೋಡಲಿಲ್ಲ.’

ಅವನು ಕೂತುಕೊಂಡ. ಆಚೆ ಹೋಗುವಾಗ ಬಂದು ನನ್ನ ಕೈಚೀಲ ಬಸ್ಸಿನವರೆಗೆ ಹಿಡಿದುಕೊಂಡು ಬಂದ. ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದೆವು.

ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಏನಂದರು ಎಂದು ಕೇಳಿದಳು. ಒಪ್ಪಿದರು ಎಂದೆ.

ಜೂನ್ ೯

ಭಾನುವಾರವಾದ್ದರಿಂದ ಬೆಳಿಗ್ಗೆ ಇಬ್ಬರೂ ನಿಧಾನವಾಗಿ ಬಟಾಣಿ ಬಿಡಿಸುತ್ತ ಕೂತಿದ್ದೆವು. ಅವಳು ಒಂದು ವಾರದಿಂದ ಸರಿಯಾಗಿ ತಿಂದಿಲ್ಲ. ಕೇಳಿದರೆ ಏನಿಲ್ಲ ಎನ್ನುತ್ತಾಳೆ. ಇವತ್ತು ಸಿಪ್ಪೆಯ ರಾಶಿ ನೋಡುತ್ತಲೇ ಹೇಳಿದಳು.

‘ಅಕ್ಕ, ಆ ಕತೆ ಅವರು ಹೇಳಿದ್ದು ನಿಜ. ಆದ್ರೆ ಅದೊಂದೇ ಅಲ್ಲ.’

ಏನು ಹಾಗಂದರೆ ಎಂದೆ.

ದಿನಕ್ಕೊಂದು ಹೇಳುತ್ತಿದ್ದನಂತೆ. ಇವಳು ಕೆಲಸದಿಂದ ಸುಸ್ತಾಗಿ ಬಂದು ಕೂತಾಗ, ಇವತ್ತು ಮಿಣುಕರು ಎಲ್ಲಿಂದ ಬಂದರು ಎಂದು ಇವಳೇ ಕೇಳುವುದು, ಅವನು ಏನಾದರೊಂದು ಹೇಳಿ ನಗಿಸುವುದು. ಒಂದು ದಿನ ಅವರು ಯಾರದೋ ಕಟ್ಟುಹಲ್ಲು ನುಂಗಿದ ಮೀನಿನ ಮರಿಗಳು. ಇನ್ನೊಂದು ದಿನ ತಪ್ಪು ವಿಳಾಸಕ್ಕೆ ಬಟವಾಡೆಯಾದ ಜನ. ಹಡಗಿನಿಂದ ಇಳಿಸಿದ ಕಥೆಯನ್ನು ಒಂದೇ ಸಲ ಹೇಳಿದ್ದು, ಅವತ್ತು ಅವನು ನಗಲಿಲ್ಲ, ಅದಕ್ಕೇ ಇವಳು ಅದೇ ನಿಜ ಇರಬೇಕು ಎಂದುಕೊಂಡದ್ದು. ಮಾತು ನಿಂತುಹೋಗುವ ಕಾಯಿಲೆ ಅವನು ಹೇಳಿದ್ದೋ, ಆಸ್ಪತ್ರೆಯಲ್ಲಿ ಕೂತು ಕೂತು ತಾನೇ ಸೇರಿಸಿಕೊಂಡದ್ದೋ ಈಗ ಗೊತ್ತಾಗುತ್ತಿಲ್ಲ ಎಂದಳು. ಸಹಿ ಮಾಡಿದಾಗಿನಿಂದ ಅದೇ ಕೊರೆಯುತ್ತಿದೆಯಂತೆ. ಕಂಪನಿಯವರಿಗೆ ಫೋನು ಮಾಡಿ ಹೇಳಿಬಿಡೋಣವೇ ಎಂದಳು.

ಬೇಡ ಬಿಡು ಎಂದೆ. ಚಿತ್ರಗಳಲ್ಲಿ ಇದೆ, ಅಷ್ಟು ಸಾಕು. ಇನ್ನೇನೇನು ಹೇಳಿದ್ದ, ಅದನ್ನು ಹೇಳು ಎಂದೆ.

ಹೇಳಿದಳು. ಕೆಲವು ಚೆನ್ನಾಗಿದ್ದವು, ಕೆಲವಕ್ಕೆ ತಲೆಬುಡವಿರಲಿಲ್ಲ. ಬಟಾಣಿ ಮುಗಿದರೂ ಏಳಲಿಲ್ಲ. ಒಂದು ಮುಗಿದರೆ ಇನ್ನೊಂದು ಎನ್ನುತ್ತಿದ್ದೆ.

ಆಮೇಲೆ ಅವಳು, ಇದು ಮಾತ್ರ ಅವರು ಎರಡು ಮೂರು ಸಲ ಹೇಳಿದ್ದರು ಎಂದಳು.

‘ನೀವಿಬ್ಬರೂ ಚಿಕ್ಕೋರಿದ್ದಾಗ ನಿಮ್ಮಮ್ಮ ಕೆಲಸಕ್ಕೆ ಹೋಗ್ತಿದ್ರಂತಲ್ಲ. ಸಂಜೆ ಕರೆಂಟು ಹೋದ್ರೆ ಇವರಿಗೆ ಭಯ. ಅಳೋರಂತೆ. ಆಗ ನೀವು ಟಾರ್ಚು ಹಚ್ಚಿ ಬಾಯೊಳಗೆ ಇಟ್ಟುಕೊಳ್ತಿದ್ರಂತೆ. ಕೆನ್ನೆ, ಗಂಟಲು ಎಲ್ಲ ಕೆಂಪಗೆ ಹೊಳೀತಿತ್ತಂತೆ. ಬಾಯಲ್ಲಿ ಟಾರ್ಚಲ್ವಾ, ನಿಮಗೆ ಮಾತಾಡೋಕ್ಕಾಗ್ತಿರಲಿಲ್ಲ. ಹಚ್ಚಿ ಆರಿಸಿ ಹಚ್ಚಿ ಆರಿಸಿ, ಅಮ್ಮ ಬರೋವರೆಗೂ ಇವರ ಹತ್ರ ಹಾಗೇ ಮಾತಾಡ್ತಿದ್ರಂತೆ. ಮಿಣುಕರು ಅಲ್ಲಿಂದ ಬಂದ್ರು ಅಂತ.’

ಅಮ್ಮ ಕೆಲಸಕ್ಕೆ ಹೋಗುತ್ತಿದ್ದದ್ದು ನಿಜ. ಕರೆಂಟು ಹೋಗುತ್ತಿದ್ದದ್ದೂ ನಿಜ. ತಮ್ಮ ಹೆದರುತ್ತಿದ್ದದ್ದೂ. ಕತ್ತಲ ಕೋಣೆ ನೆನಪಾಯಿತು, ಅವನ ಬೆವೆತ ಪುಟ್ಟ ಕೈ ನೆನಪಾಯಿತು. ಟಾರ್ಚು ನೆನಪಾಗಲಿಲ್ಲ. ಕಣ್ಣು ಮುಚ್ಚಿ ಹುಡುಕಿದೆ. ಬಾಯೊಳಗಿನ ಲೋಹದ ರುಚಿಯಾದರೂ ಬರಬಹುದೆಂದು ಕಾದೆ. ಇಲ್ಲ. ಎಲ್ಲೂ ಇಲ್ಲ. ಇದನ್ನೂ ಅವನು ಇವಳನ್ನು ನಗಿಸಲೆಂದೇ ಕಟ್ಟಿದ್ದನೋ ಏನೋ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

‘ನಿಮಗೆ ನೆನಪಿದೆಯಾ ಅಕ್ಕ?’

‘ಇದೆ ಕಣೇ’ ಎಂದೆ. ‘ಚೆನ್ನಾಗಿ ನೆನಪಿದೆ.’

ಟಾರ್ಚು ಯಾವ ಬಣ್ಣದ್ದು ಎಂದು ಕೇಳಿದಳು. ಹಸಿರು ಎಂದೆ.